ಒಡಕು ದನಿಯ ನೆಂಟಸ್ತಿಕೆ

ನಮ್ಮ ಕಡೆ ರಾಕ್ ಸಂಗೀತಕ್ಕೆ ಇರುವುದು ಒಂದೇ ಹೆಸರು: ಗಲಾಟೆ. ಅದರೊಳಗೆ ಹಲವು ಕವಲುಗಳಿವೆ, ಒಂದು ಕವಲಿಗೂ ಇನ್ನೊಂದಕ್ಕೂ ಜಗಳವಿದೆ, ಕೆಲವು ಕೂಲಿ ಕಾರ್ಮಿಕರ ಕೇರಿಗಳಿಂದ ಎದ್ದು ಬಂದಿವೆ, ಕೆಲವು ದುಡ್ಡಿದ್ದವರ ಮೋಜಿಗೆ ಬೆಳೆದಿವೆ ಎಂಬುದನ್ನೆಲ್ಲ ಕೇಳುವ ವ್ಯವಧಾನ ಯಾರಿಗೂ ಇಲ್ಲ. ಹಿಂದೂಸ್ತಾನಿ ಘರಾನೆಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲ ನನ್ನ ಗೆಳೆಯರೊಬ್ಬರು ಕೂಡ ಎಲೆಕ್ಟ್ರಿಕ್ ಗಿಟಾರಿನ ಸದ್ದು ಕೇಳಿದರೆ ಮುಖ ಸಿಂಡರಿಸುತ್ತಾರೆ. ಮುಸ್ಲಿಮರ ಮನೆಗಳಲ್ಲಿ ಇದರ ಮೇಲೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಸಂಗೀತ ಕೇಳುವುದೇ ಸರಿಯೋ ತಪ್ಪೋ ಎಂಬ ಹಳೆಯ ಚರ್ಚೆ ಇನ್ನೂ ಮುಗಿದಿಲ್ಲ. ಅಂಥದ್ದರಲ್ಲಿ ಈ ಕಿರುಚಾಟಕ್ಕೆಲ್ಲಿ ಜಾಗ?

ಆ ಚರ್ಚೆಗೆ ಇಳಿಯುವಷ್ಟು ಪಾಂಡಿತ್ಯ ನನ್ನದಲ್ಲ. ನಾನು ಕನ್ನಡ ಮೇಷ್ಟ್ರು. ಹಾಡಲೂ ಬರುವುದಿಲ್ಲ, ಬಾರಿಸಲೂ ಬರುವುದಿಲ್ಲ. ಆದರೆ ‘ಗ್ರಂಜ್’ ಎಂಬ ಹೆಸರಿನ ಒಂದು ಕವಲು ಮೂವತ್ತು ವರ್ಷಗಳಿಂದ ನನ್ನ ಬದುಕಿನ ಬದಿಯಲ್ಲೇ ಹರಿಯುತ್ತ ಬಂದಿದೆ. ಮೊದಲು ಮೈಸೂರಿನ ಹಾಸ್ಟೆಲಿನಲ್ಲಿ, ಆಮೇಲೆ ನನ್ನ ಅಕ್ಕನ ಮಗನ ಕೋಣೆಯಲ್ಲಿ. ರಾಕ್ ಮತ್ತು ಮೆಟಲ್ ಎಂಬ ದೊಡ್ಡ ಕುಟುಂಬದಲ್ಲಿ ಅದರ ಸ್ಥಾನ ಯಾವುದು, ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಂಥ ಊರಿನವರಿಗೆ ಅದು ಏನಾಗಬೇಕು ಎಂದು ಯೋಚಿಸುವುದು ನನಗೆ ಅನಿವಾರ್ಯವಾಯಿತು.

ಮೊದಲು ವಂಶವೃಕ್ಷ. ರಾಕ್‌ನ ಬೇರು ಅಮೆರಿಕದ ಕಪ್ಪು ಜನರ ಬ್ಲೂಸ್‌ನಲ್ಲಿದೆ. ಗುಲಾಮಗಿರಿಯಿಂದ ಹೊರಬಂದರೂ ಹತ್ತಿ ಹೊಲಗಳಿಂದ ಹೊರಬರಲಾಗದವರ ದುಃಖ ಅದು. 1950ರ ದಶಕದಲ್ಲಿ ಅದಕ್ಕೆ ಕುಣಿತದ ಲಯ ಕೂಡಿ ರಾಕ್ ಅಂಡ್ ರೋಲ್ ಆಯಿತು. 60ರ ದಶಕದಲ್ಲಿ ಇಂಗ್ಲೆಂಡಿನ ಹುಡುಗರ ಕೈಗೆ ಸಿಕ್ಕಿ ಜಗತ್ತಿಗೆಲ್ಲ ಹಬ್ಬಿತು. ಮೆಟಲ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಅಲ್ಲಿ ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಕಳೆದುಕೊಂಡ. ಗಿಟಾರ್ ಬಿಡಲು ಮನಸ್ಸಾಗಲಿಲ್ಲ. ಬೆರಳಿಗೆ ಪ್ಲಾಸ್ಟಿಕ್ಕಿನ ಟೋಪಿ ಮಾಡಿಕೊಂಡ, ಒತ್ತಲು ಸುಲಭವಾಗಲೆಂದು ತೆಳುವಾದ ತಂತಿ ಕಟ್ಟಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಹೀಗೆ ಹೊರಟ ಮಂದ್ರದ, ಭಾರವಾದ ಸದ್ದೇ ಬ್ಲ್ಯಾಕ್ ಸಬ್ಬತ್ ತಂಡದ ಗುರುತಾಯಿತು. ಅವರ ಮೊದಲ ಆಲ್ಬಮ್ ಬಂದದ್ದು 1970ರಲ್ಲಿ. ಮೆಟಲ್ ಎಂದರೆ ಸೈತಾನನ ಸಂಗೀತ ಎನ್ನುವವರು ಒಬ್ಬ ಕಾರ್ಮಿಕನ ಗಾಯದಿಂದ ಅದು ಹುಟ್ಟಿತೆಂಬುದನ್ನೂ ನೆನಪಿಡಬೇಕು.

ಆದರೆ ಯಾವ ಕಲೆಯೂ ಹುಟ್ಟಿದ ಕಡೆಯೇ ನಿಲ್ಲುವುದಿಲ್ಲ. ಮೆಟಲ್ ಬೆಳೆಯುತ್ತ ಬೆಳೆಯುತ್ತ ಸಾಧನೆಯ ಸಂಗೀತವಾಯಿತು. ಯಾರ ಬೆರಳು ಎಷ್ಟು ವೇಗವಾಗಿ ಓಡುತ್ತದೆ, ಯಾರ ಕಂಠ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬ ಪೈಪೋಟಿ ಶುರುವಾಯಿತು. ಇದಕ್ಕೆ ವಿರುದ್ಧವಾಗಿ 1970ರ ದಶಕದ ನಡುವೆ ಪಂಕ್ ಬಂತು. ಗಿಟಾರಿನಲ್ಲಿ ಮೂರು ಕಾರ್ಡ್ ಹಿಡಿಯಲು ಬಂದರೆ ಸಾಕು, ಹೇಳಲು ಸಿಟ್ಟಿರಬೇಕು ಎಂಬುದು ಪಂಕ್‌ನವರ ವಾದ. ಮೆಟಲ್‌ನವರಿಗೆ ಪಂಕ್ ಎಂದರೆ ಅಭ್ಯಾಸವಿಲ್ಲದ ಪೋಲಿಗಳು. ಪಂಕ್‌ನವರಿಗೆ ಮೆಟಲ್ ಎಂದರೆ ಮೈಸೊಕ್ಕಿದ ಪ್ರದರ್ಶನ. 80ರ ದಶಕದ ಲಾಸ್ ಏಂಜಲಿಸ್‌ನಲ್ಲಿ ಮೆಟಲ್ ಗಾಯಕರು ಕೂದಲು ಉಬ್ಬಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಕುಣಿಯತೊಡಗಿದಾಗ ಆ ಮಾತಿನಲ್ಲಿ ಸತ್ಯವೂ ಇತ್ತು.

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ಆಗ ಸಂಗೀತದ ವ್ಯಾಪಾರಕ್ಕೆ ಬೇಡವಾದ, ಸದಾ ಜಡಿಮಳೆಯ ಊರು. ದೊಡ್ಡ ದೊಡ್ಡ ತಂಡಗಳು ಅಷ್ಟು ದೂರ ಬರುತ್ತಿರಲಿಲ್ಲ. ಅಲ್ಲಿನ ಹುಡುಗರು ತಮಗೆ ಬೇಕಾದ ಸಂಗೀತವನ್ನು ತಾವೇ ಮಾಡಿಕೊಳ್ಳಬೇಕಾಯಿತು. ಯಾರೂ ನೋಡದಿದ್ದಾಗ ಮಡಿವಂತಿಕೆಯೂ ಇರುವುದಿಲ್ಲ. ಬ್ಲ್ಯಾಕ್ ಸಬ್ಬತ್‌ನ ಭಾರವನ್ನೂ ಪಂಕ್‌ನ ಒರಟುತನವನ್ನೂ ಅವರು ಒಂದೇ ಪಾತ್ರೆಗೆ ಸುರಿದರು. ಸಬ್ ಪಾಪ್ ಎಂಬ ಸಣ್ಣ ಕಂಪನಿ ಅದನ್ನು ರೆಕಾರ್ಡ್ ಮಾಡಿ ಮಾರಿತು. ಮಡ್‌ಹನಿ ತಂಡ 1988ರಲ್ಲಿ ಹೊರತಂದ ರೆಕಾರ್ಡಿಗೆ ಗಿಟಾರಿನ ಸದ್ದನ್ನು ಒಡೆಯುವ ಎರಡು ಪೆಡಲುಗಳ ಹೆಸರನ್ನೇ ಜೋಡಿಸಿ ಇಟ್ಟರು. ನಿರ್ವಾಣ ಎಂಬ ತಂಡ ತನ್ನ ಮೊದಲ ಆಲ್ಬಮ್ಮನ್ನು ಸುಮಾರು 600 ಡಾಲರುಗಳಲ್ಲಿ ಮುಗಿಸಿತು. ಗ್ರಂಜ್ ಎಂದರೆ ಕೊಳೆ, ಜಿಡ್ಡು. ಹೆಸರು ಆ ಸದ್ದಿಗೆ ಸರಿಯಾಗಿತ್ತು.

ಹಾಗಾದರೆ ಗ್ರಂಜ್ ಮೆಟಲ್ಲೋ ಅಲ್ಲವೋ? ಈ ಜಗಳ ಇಂದಿಗೂ ಮುಗಿದಿಲ್ಲ. ಹೆಸರಾದ ನಾಲ್ಕು ತಂಡಗಳನ್ನು ಒಟ್ಟಿಗೆ ಇಟ್ಟುಕೊಂಡು ಕೇಳಿದರೆ ಜಗಳಕ್ಕೆ ಕಾರಣ ತಿಳಿಯುತ್ತದೆ. ನಿರ್ವಾಣದವರ ಮೈಯಲ್ಲಿ ಪಂಕ್‌ನ ರಕ್ತ ಹೆಚ್ಚು. ಪರ್ಲ್ ಜಾಮ್‌ನವರು 70ರ ದಶಕದ ಹಳೆಯ ರಾಕ್‌ಗೆ ಮಕ್ಕಳು. ಸೌಂಡ್‌ಗಾರ್ಡನ್ ಮತ್ತು ಆಲಿಸ್ ಇನ್ ಚೇನ್ಸ್ ತಂಡಗಳನ್ನು ಮೆಟಲ್ ಎಂದು ಕರೆದರೆ ಬಹಳ ಜನ ಆಕ್ಷೇಪಿಸುವುದಿಲ್ಲ. ಸದ್ದನ್ನು ಮಾತ್ರ ನೋಡಿದರೆ ಈ ನಾಲ್ವರಿಗೂ ಒಂದೇ ಹೆಸರು ಹೊಂದುವುದಿಲ್ಲ. ಅವರನ್ನು ಒಂದು ಮಾಡುವುದು ಹಾಡುವವನ ನಿಲುವು. ಮೆಟಲ್ ಗಾಯಕ ವೇದಿಕೆಯ ಮೇಲೆ ಯೋಧನಂತೆ, ಮಂತ್ರವಾದಿಯಂತೆ ನಿಲ್ಲುತ್ತಾನೆ. ಗ್ರಂಜ್ ಗಾಯಕ ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ ಬಂದು, ತಲೆ ತಗ್ಗಿಸಿ, ತನ್ನ ನಾಚಿಕೆ, ದಣಿವು, ಚಿಕ್ಕಂದಿನ ಪೆಟ್ಟುಗಳನ್ನು ಹಾಡುತ್ತಾನೆ. ದನಿ ಒಡೆಯುವ ಜಾಗದಲ್ಲಿ ಮೆಟಲ್‌ನವನು ಮತ್ತೆ ಅಭ್ಯಾಸ ಮಾಡುತ್ತಾನೆ. ಗ್ರಂಜ್‌ನವನು ಒಡೆಯಲು ಬಿಡುತ್ತಾನೆ. ನಿರ್ವಾಣದ ಗಾಯಕ ಕರ್ಟ್ ಕೊಬೇನ್ ತನ್ನ ಅತ್ಯಂತ ಹೆಸರಾದ ಹಾಡಿನ ನಡುವೆ, ಉಳಿದವರೆಲ್ಲ ಬೆರಳಿನ ಚಳಕ ತೋರಿಸುವ ಜಾಗದಲ್ಲಿ, ತಾನು ಹಾಡಿದ ಧಾಟಿಯನ್ನೇ ಗಿಟಾರಿನಲ್ಲಿ ಮತ್ತೊಮ್ಮೆ ನುಡಿಸಿ ಸುಮ್ಮನಾಗುತ್ತಾನೆ. ನನಗೆ ಗ್ರಂಜ್‌ನ ವ್ಯಾಖ್ಯಾನ ಅಲ್ಲಿದೆ.

ಮಾರುಕಟ್ಟೆ ಇದನ್ನೂ ಬಿಡಲಿಲ್ಲ. ನಿರ್ವಾಣದ ಎರಡನೆಯ ಆಲ್ಬಮ್ 1991ರ ಸೆಪ್ಟೆಂಬರಿನಲ್ಲಿ ಬಂತು. ಮರುವರ್ಷದ ಜನವರಿಯಲ್ಲಿ ಅದು ಮೈಕಲ್ ಜಾಕ್ಸನ್‌ನನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಚಳಿಗೆ, ಬಡತನಕ್ಕೆ ಹಾಕಿಕೊಳ್ಳುತ್ತಿದ್ದ ಮರ ಕಡಿಯುವವರ ಚೌಕಳಿ ಅಂಗಿ 1992ರಲ್ಲಿ ನ್ಯೂಯಾರ್ಕಿನ ಫ್ಯಾಶನ್ ವೇದಿಕೆ ಏರಿತು. ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಗ್ರಂಜ್ ಹುಡುಗರ ಗುಪ್ತ ಭಾಷೆ ಯಾವುದೆಂದು ಸಬ್ ಪಾಪ್‌ನವರಿಗೆ ಫೋನ್ ಮಾಡಿತು. ಉತ್ತರ ಕೊಟ್ಟ ಮೇಗನ್ ಜಾಸ್ಪರ್ ಎಂಬ ಹೆಣ್ಣುಮಗಳು ಬಾಯಿಗೆ ಬಂದ ಪದಗಳನ್ನು ಹುಟ್ಟಿಸಿ ಹೇಳಿದಳು. ಪತ್ರಿಕೆ ಅದನ್ನೆಲ್ಲ ಪದಕೋಶವೆಂದು ಅಚ್ಚು ಹಾಕಿತು! ಹೊರಗಿನವರು ನಮ್ಮ ಹಳ್ಳಿಗಳಿಗೂ ಮೊಹಲ್ಲಾಗಳಿಗೂ ಬಂದು ‘ನಿಮ್ಮ ಸಂಸ್ಕೃತಿ’ಯ ಬಗ್ಗೆ ಕೇಳುವಾಗ ನಮ್ಮವರು ಕೊಡುವ ಉತ್ತರಗಳು ನನಗೆ ನೆನಪಾಗುತ್ತವೆ.

ಸಿಯಾಟಲ್ ನಗರವಾದರೂ ಗ್ರಂಜ್‌ನ ಜೀವ ಇದ್ದದ್ದು ಸಣ್ಣ ಊರುಗಳಲ್ಲಿ. ಕೊಬೇನ್ ಹುಟ್ಟಿದ ಅಬರ್ಡೀನ್ ಮರದ ವ್ಯಾಪಾರದ ಊರು. ಅವನು ಬೆಳೆಯುವ ಹೊತ್ತಿಗೆ ಮರದ ಮಿಲ್ಲುಗಳು ಬಾಗಿಲು ಹಾಕತೊಡಗಿದ್ದವು. ಅಪ್ಪನಿಗಿದ್ದ ಕೆಲಸ ಮಗನಿಗಿಲ್ಲ, ಮಗನಿಗೆ ಬೇಕಾದದ್ದು ಊರಿನಲ್ಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಜಿಲ್ಲೆಯ ಆಲೂಗಡ್ಡೆಯ ಕತೆ ಕಣ್ಣ ಮುಂದೆ ಬರುತ್ತದೆ. ಹಾಸನದ ಆಲೂಗಡ್ಡೆ ಎಂದರೆ ಒಂದು ಕಾಲಕ್ಕೆ ಹೆಸರು. ಜಲಂಧರಿನಿಂದ ಲಾರಿಗಟ್ಟಲೆ ಬಿತ್ತನೆ ಬೀಜ ಬರುತ್ತಿತ್ತು. ಅಂಗಮಾರಿ ರೋಗ ಮೇಲಿಂದ ಮೇಲೆ ಬಿದ್ದು ಬೆಳೆ ಹೊಲದಲ್ಲೇ ಕರಗಿ ಹೋಗತೊಡಗಿದ ಮೇಲೆ ಎಷ್ಟೋ ರೈತರು ಕೈಬಿಟ್ಟರು. ನಮ್ಮ ಮನೆಯವರು ಜಮೀನುದಾರರಲ್ಲ. ಆಲೂಗಡ್ಡೆಯ ಕಾಲದಲ್ಲಿ ಮೂಟೆ ಕೊಂಡು ಮಾರುವ ಸಣ್ಣ ವ್ಯಾಪಾರ ನಮ್ಮ ಅಬ್ಬಾನದು. ಬೆಳೆ ಹೋದರೆ ವ್ಯಾಪಾರವೂ ಹೋಯಿತು. ಹೇಮಾವತಿಯ ನಾಲೆ ಇದೆ, ತೆಂಗಿದೆ, ಭತ್ತವಿದೆ, ದೂರದಿಂದಲೇ ಕಾಣುವ ಮಾವಿನಕೆರೆ ಬೆಟ್ಟವಿದೆ. ಹಳೇಕೋಟೆ ಹೋಬಳಿ ಕೇಂದ್ರ. ಆದರೆ ಇಪ್ಪತ್ತು ವರ್ಷದ ಹುಡುಗನಿಗೆ ಅದು ಬಸ್ಸು ಹತ್ತುವ ಜಾಗ ಮಾತ್ರ. ಬೇಸರ ಎಂಬ ಶಬ್ದಕ್ಕೆ ಅರ್ಥ ತಿಳಿಯಬೇಕಾದರೆ ಭಾನುವಾರ ಮಧ್ಯಾಹ್ನ ಇಂಥ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ನೋಡಬೇಕು. ಅಬರ್ಡೀನ್ ಬದುಕಿದ್ದಾಗ ಕೊಬೇನ್‌ನನ್ನು ಹೆಚ್ಚು ಹಚ್ಚಿಕೊಂಡ ಊರಲ್ಲ. 2005ರಲ್ಲಿ ಮಾತ್ರ ಊರ ಸ್ವಾಗತ ಫಲಕದ ಮೇಲೆ ಅವನದೊಂದು ಹಾಡಿನ ಹೆಸರು ಬರೆಸಿದರು. ಸಣ್ಣ ಊರುಗಳು ತಮ್ಮ ಮಕ್ಕಳನ್ನು ಗುರುತಿಸುವ ಕ್ರಮ ಎಲ್ಲ ಕಡೆಯೂ ಒಂದೇ ಇರಬೇಕು.

ನಾನು ಈ ದನಿಯನ್ನು ಮೊದಲು ಕೇಳಿದ್ದು 1992ರಲ್ಲಿ, ಮೈಸೂರಿನಲ್ಲಿ ಎಂ.ಎ. ಓದುವಾಗ. ಅದು ದೇಶದ ಬಾಗಿಲು ತೆರೆದ ಹೊಸತು. 1991ರ ಜುಲೈಯಲ್ಲಿ ಮನಮೋಹನ್ ಸಿಂಗ್ ಅವರ ಬಜೆಟ್ ಬಂದಿತ್ತು. ಡಿಶ್ ಆಂಟೆನಾಗಳು ಮನೆಗಳ ಮೇಲೆ ಅಣಬೆಗಳಂತೆ ಏಳುತ್ತಿದ್ದವು. ನನ್ನ ಕೋಣೆಯ ಜೊತೆಗಾರ ಕೊಡಗಿನವನು. ಅವನ ಬಳಿ ಒಂದು ಟೇಪ್ ರೆಕಾರ್ಡರ್ ಮತ್ತು ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಕ್ಯಾಸೆಟ್ಟುಗಳಿದ್ದವು. ಕುವೆಂಪು ಬೇಂದ್ರೆಯರನ್ನು ಓದುತ್ತಿದ್ದ ನನಗೆ ಅವನ ಹಾಡುಗಳ ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ. ಅವನೂ ಅರ್ಥ ಹೇಳುತ್ತಿರಲಿಲ್ಲ. ‘ಅರ್ಥ ಬೇಡ ಮಾರಾಯ, ಕೇಳು’ ಎನ್ನುತ್ತಿದ್ದ.

ಆ ವರ್ಷ ಡಿಸೆಂಬರ್ 6 ಬಂತು. ಬಾಬರಿ ಮಸೀದಿ ಬಿದ್ದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ಮೇಲೆ ಹಾಸ್ಟೆಲಿನ ಮಾತುಕತೆಯ ದನಿಯೇ ತಗ್ಗಿತು. ನನ್ನನ್ನು ಕಂಡರೆ ಕೆಲವರು ಅತಿಯಾಗಿ ನಗುತ್ತಿದ್ದರು, ಕೆಲವರು ದಾರಿ ಬದಲಿಸುತ್ತಿದ್ದರು. ಸಮಾಧಾನ ಹೇಳಲು ಬಂದವರಿಗೆ ನಾನೇ ಸಮಾಧಾನ ಹೇಳಬೇಕಾಗುತ್ತಿತ್ತು. ನನ್ನ ಜೊತೆಗಾರ ಏನೂ ಹೇಳಲಿಲ್ಲ. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಮೂರನೆಯ ರಾತ್ರಿ ಅವನು ಎದ್ದು, ದನಿ ತಗ್ಗಿಸಿ, ನಿರ್ವಾಣದ ಕ್ಯಾಸೆಟ್ ಹಾಕಿದ. ಗಂಟಲು ಹರಿಯುವಂತೆ ಕೂಗುವ ಒಬ್ಬ ಮನುಷ್ಯನನ್ನು ಅಷ್ಟು ಮೆಲ್ಲಗೆ ಕೇಳುವುದು ವಿಚಿತ್ರವಾಗಿತ್ತು. ಆ ಕೂಗಿಗೂ ನನ್ನ ಅಳಲಿಗೂ ಏನೇನೂ ಸಂಬಂಧವಿಲ್ಲ. ಆದರೂ ನಾನು ಕೂಗಬೇಕಾಗಿದ್ದುದನ್ನು ನನ್ನ ಪರವಾಗಿ ಬೇರೆ ಯಾರೋ ಕೂಗುತ್ತಿದ್ದಾರೆ ಅನ್ನಿಸಿತು. ಕ್ಯಾಸೆಟ್ಟಿನ ಒಂದು ಬದಿ ಮುಗಿಯುವ ಮೊದಲೇ ನಿದ್ದೆ ಹತ್ತಿತು. ಜಗತ್ತಿನ ಸಂಗೀತ ವಿಮರ್ಶಕರು ಗ್ರಂಜ್ ಬಗ್ಗೆ ಏನೇ ಬರೆದಿರಲಿ, ನನ್ನ ಪಾಲಿಗೆ ಅದು ಆ ರಾತ್ರಿಯ ಉಪಕಾರ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ರಾಕ್ ತನ್ನದೇ ರೀತಿಯಲ್ಲಿ ಬೆಳೆಯುತ್ತಿತ್ತು. ದಂಡು ಪ್ರದೇಶದ ಇಂಗ್ಲಿಷ್ ವಾತಾವರಣದಲ್ಲಿ ಅದಕ್ಕೆ ಹಳೆಯ ನೆಲೆ ಇತ್ತು. ಆದರೆ ಬೆಂಗಳೂರು ಅಪ್ಪಿಕೊಂಡದ್ದು ಮುಖ್ಯವಾಗಿ ಮೆಟಲ್ಲನ್ನು. ಮಿಲೇನಿಯಮ್ ಎಂಬ ತಂಡದ ನಂತರ 1998ರಲ್ಲಿ ಕ್ರಿಪ್ಟೋಸ್ ಎಂಬ ತಂಡ ಹುಟ್ಟಿ, ಮುಂದೆ ಯುರೋಪಿನ ಮೆಟಲ್ ಉತ್ಸವಗಳವರೆಗೆ ಹೋಯಿತು. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಅರಮನೆ ಮೈದಾನದಲ್ಲಿ ಹಾಡಿದಾಗ ದೇಶದ ಮೂಲೆಮೂಲೆಗಳಿಂದ ಕಪ್ಪು ಅಂಗಿಯ ಹುಡುಗರು ರೈಲು ಹತ್ತಿ ಬಂದರು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ಹಾಡಿತು. ಎರಡು ದಿನ ಮೊದಲು ದೆಹಲಿ ಬಳಿಯ ಗುರಗಾಂವ್‌ನಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮ ರದ್ದಾಗಿ, ಜನ ವೇದಿಕೆಯನ್ನೇ ಕಿತ್ತು ಹಾಕಿದ್ದರು. ಬೆಂಗಳೂರಿನಲ್ಲಿ ಎಲ್ಲ ಸಸೂತ್ರವಾಗಿ ನಡೆಯಿತು. ಗ್ರಂಜ್‌ನ ಆ ನಾಲ್ಕು ತಂಡಗಳಲ್ಲಿ ಒಂದೂ ತನ್ನ ಉಚ್ಛ್ರಾಯದ ಕಾಲದಲ್ಲಿ ಇತ್ತ ಸುಳಿಯಲಿಲ್ಲ.

ಮೆಟಲ್ ಹೀಗೆ ಬೇರೂರಿ, ಗ್ರಂಜ್ ಕ್ಯಾಸೆಟ್ಟುಗಳಲ್ಲೇ ಉಳಿಯಲು ಬೇರೆ ಕಾರಣಗಳೂ ಇರಬಹುದು. ನನಗೆ ಹೊಳೆಯುವುದು ಒಂದು. ಬೆಂಗಳೂರಿನ ರಾಕ್ ಬೆಳೆದದ್ದು ಕಾಲೇಜುಗಳ ಸ್ಪರ್ಧೆಗಳಲ್ಲಿ. ಅಲ್ಲಿ ತೀರ್ಪುಗಾರರಿದ್ದರು, ಅಂಕಗಳಿದ್ದವು, ಬಹುಮಾನವಿತ್ತು. ಮೆಟಲ್ ಕಲಿಯುವುದು ಕಷ್ಟ, ಕಷ್ಟಪಟ್ಟರೆ ಬರುತ್ತದೆ, ಬಂದರೆ ಎಲ್ಲರಿಗೂ ಕಾಣುತ್ತದೆ. ಸಿಇಟಿ ರ‍್ಯಾಂಕಿನ ನಾಡಿನಲ್ಲಿ ಇಂಥ ಸಂಗೀತಕ್ಕೆ ಗೌರವ ಸಿಗುವುದು ಸಹಜ. ಮೃದಂಗದ ತನಿಯಾವರ್ತನ ಕೇಳಿ ತಲೆದೂಗುವ ಅಪ್ಪ ಮಗನ ಗಿಟಾರಿನ ಓಟವನ್ನೂ ಹೇಗೋ ಒಪ್ಪಿಕೊಳ್ಳಬಲ್ಲ. ಗ್ರಂಜ್ ಮಾತ್ರ ಫೇಲಾದವನ ಸಂಗೀತ. ಅದು ತನ್ನ ಸೋಲನ್ನು ಮುಚ್ಚಿಡುವುದಿಲ್ಲ. ಸೋತೆ ಎಂದು ಹೇಳಿಕೊಳ್ಳುವುದಕ್ಕೆ ನಮ್ಮಲ್ಲಿ ಯಾವ ಸ್ಪರ್ಧೆಯಲ್ಲೂ ಬಹುಮಾನವಿಲ್ಲ.

ನನ್ನ ಅಕ್ಕನ ಮಗ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಮನೆಯಲ್ಲಿ ಮೊದಲ ಎಂಜಿನಿಯರ್ ಆಗಬೇಕಾದವನು. ಎರಡನೆಯ ವರ್ಷದಲ್ಲಿ ನಾಲ್ಕು ವಿಷಯಗಳು ಉಳಿದವು, ಮೂರನೆಯ ವರ್ಷದಲ್ಲಿ ಇನ್ನಷ್ಟು. ರಜೆಗೆ ಊರಿಗೆ ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿರುತ್ತಿದ್ದ. ಊಟ ಕಡಿಮೆಯಾಯಿತು. ಜುಮಾ ನಮಾಜಿಗೆ ಹೋಗುವುದೂ ಬಿಟ್ಟುಹೋಯಿತು. ಗಡ್ಡ ಬಿಟ್ಟರೆ ಒಂದು ಅನುಮಾನ, ಕೂದಲು ಬಿಟ್ಟರೆ ಇನ್ನೊಂದು ಎನ್ನುವ ಕಾಲವಿದು. ಅವನು ಎರಡನ್ನೂ ಬಿಟ್ಟಿದ್ದ. ಬಸ್ಸಿನಲ್ಲಿ ಒಬ್ಬರು ಅವನ ಕಪ್ಪು ಅಂಗಿಯ ಮೇಲಿದ್ದ ಚಿತ್ರ ನೋಡಿ ‘ಯಾವ ಸಂಘಟನೆ?’ ಎಂದು ಕೇಳಿದ್ದರಂತೆ. ಅದೊಂದು ಸಂಗೀತ ತಂಡದ ಹೆಸರು. ಯಾರದೋ ಕಣ್ಣು ಬಿದ್ದಿದೆ ಎಂದರು ಕೆಲವರು, ಜಿನ್ನಿನ ಕಾಟ ಎಂದರು ಕೆಲವರು. ಹಾಡಿನಿಂದಲೇ ಹೀಗಾಯಿತು ಎಂಬುದು ಆಪಾಳ ನಂಬಿಕೆ.

2017ರ ಮೇ 18. ರಮಜಾನ್ ಶುರುವಾಗಲು ಹತ್ತು ದಿನವಿತ್ತು. ಸಂಜೆ ಅವನು ತಾನಾಗಿಯೇ ಹೊರಗೆ ಬಂದು ನನ್ನ ಬಳಿ ಕೂತ.

‘ಮಾಮು, ಇವತ್ತು ಒಬ್ರು ತೀರ್ಕೊಂಡ್ರು.’

‘ಯಾರಪ್ಪಾ, ನಿನ್ನ ಕಾಲೇಜಿನವರಾ?’

‘ಇಲ್ಲ ಮಾಮು. ಹಾಡ್ತಿದ್ರು.’

ಸೌಂಡ್‌ಗಾರ್ಡನ್ ತಂಡದ ಗಾಯಕ ಕ್ರಿಸ್ ಕಾರ್ನೆಲ್ ಅಂದು ತನ್ನ ಜೀವ ತಾನೇ ತೆಗೆದುಕೊಂಡಿದ್ದ. ಐವತ್ತೆರಡು ವರ್ಷ. ಆ ತಂಡದ ಗಿಟಾರ್ ವಾದಕ ಕಿಮ್ ಥೈಲ್‌ನ ಹೆತ್ತವರು ಕೇರಳದವರು ಎಂದೂ ಅವನೇ ಹೇಳಿದ. ನಾನು ನಿರ್ವಾಣದ ಕ್ಯಾಸೆಟ್ಟಿನ ಮಾತೆತ್ತಿದೆ. ಕನ್ನಡ ಮೇಷ್ಟ್ರಾದ ಮಾಮುಗೆ ಕರ್ಟ್ ಕೊಬೇನ್ ಗೊತ್ತು ಎಂಬುದು ಅವನಿಗೆ ನಂಬಲಾಗಲಿಲ್ಲ. ಒಂದು ಗಂಟೆ ಮಾತನಾಡಿದ. ಆ ಮಾತಿನ ನಡುವೆಯೇ ತನಗೆ ನಿದ್ದೆ ಬಂದು ತಿಂಗಳುಗಳಾಗಿವೆ ಎಂದೂ, ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತದೆ ಎಂದೂ ಹೇಳಿದ. ಮನೆಯಲ್ಲಿ ಯಾರ ಬಳಿಯೂ ಅವನು ಆಡದ ಮಾತು ಅದು. ಆ ವಾರವೇ ಅವನನ್ನು ಮನೋವೈದ್ಯರ ಬಳಿ ಕರೆದುಕೊಂಡು ಹೋದೆವು. ಅವರು ಖಿನ್ನತೆ ಎಂದರು, ಅದೊಂದು ಕಾಯಿಲೆ ಎಂದರು, ಔಷಧಿ ಕೊಟ್ಟರು. ವಾಸಿಯಾಗಲು ಒಂದೂವರೆ ವರ್ಷ ಹಿಡಿಯಿತು. ಆಪಾ ಅವನಿಗಾಗಿ ದುವಾ ಮಾಡುವುದನ್ನು ನಿಲ್ಲಿಸಲಿಲ್ಲ, ಗುಳಿಗೆ ಕೊಡುವುದನ್ನೂ ಮರೆಯಲಿಲ್ಲ.

ಗ್ರಂಜ್‌ನ ಮೇಲಿರುವ ದೊಡ್ಡ ಆರೋಪವೇ ಇದು. ಕೊಬೇನ್ 1994ರ ಏಪ್ರಿಲ್‌ನಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಸತ್ತ. ಆಲಿಸ್ ಇನ್ ಚೇನ್ಸ್‌ನ ಲೇನ್ ಸ್ಟೇಲಿ 2002ರ ಏಪ್ರಿಲ್‌ನಲ್ಲಿ ಮಾದಕ ದ್ರವ್ಯಕ್ಕೆ ಬಲಿಯಾದ. ಈ ಸಾವುಗಳಿಗೆ ಪ್ರಭಾವಳಿ ಕಟ್ಟುವವರಿದ್ದಾರೆ, ಅದು ಅಪಾಯ. ನೋವು ಹೆಚ್ಚಾದಷ್ಟೂ ಹಾಡು ದೊಡ್ಡದಾಗುತ್ತದೆ ಎಂಬುದು ಸುಳ್ಳು. ಚಿಕಿತ್ಸೆ ಸಿಕ್ಕಿದ್ದರೆ ಅವರು ಇನ್ನೂ ಹಾಡುತ್ತಿದ್ದರೇನೋ. ಆದರೆ ಈ ಹಾಡು ಕೇಳಿದ್ದರಿಂದ ನಮ್ಮ ಹುಡುಗ ಹಾಗಾದ ಎನ್ನುವುದೂ ಸರಿಯಲ್ಲ. ಅವನಿಗೆ ಕಾಯಿಲೆ ಮೊದಲೇ ಇತ್ತು. ಅದನ್ನು ಹೇಳಿಕೊಳ್ಳಲು ನಮ್ಮ ದಖನಿಯಲ್ಲೂ ಪದವಿರಲಿಲ್ಲ, ನಾನು ಪಾಠ ಮಾಡುವ ಕನ್ನಡದಲ್ಲೂ ಅವನಿಗೆ ಪದ ಸಿಕ್ಕಿರಲಿಲ್ಲ. ಸಿಯಾಟಲ್‌ನವನೊಬ್ಬನ ಸಾವಿನ ಸುದ್ದಿ ಮಾತಿಗೆ ದಾರಿಯಾಯಿತು. ಈಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ; 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಈ ಅಂಕಿಯನ್ನು ನಾನು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನು ನನಗೊಂದು ರೆಕಾರ್ಡಿಂಗ್ ಕೇಳಿಸಿದ. ಮರಣದಂಡನೆಯನ್ನು ಕುರಿತ ‘ಡೆಡ್ ಮ್ಯಾನ್ ವಾಕಿಂಗ್’ ಎಂಬ ಅಮೆರಿಕದ ಸಿನಿಮಾ 1995ರಲ್ಲಿ ಬಂತು. ಅದಕ್ಕಾಗಿ ಪರ್ಲ್ ಜಾಮ್‌ನ ಎಡ್ಡಿ ವೆಡ್ಡರ್ ಮತ್ತು ನಮ್ಮ ಕವ್ವಾಲಿಯ ಉಸ್ತಾದ್ ನುಸ್ರತ್ ಫತೇ ಅಲಿ ಖಾನ್ ಜೊತೆಯಾಗಿ ಹಾಡಿದ್ದಾರೆ. ಒಬ್ಬರದು ಎದೆಯಾಳದಲ್ಲಿ ಗುನುಗುವ ದನಿ, ಇನ್ನೊಬ್ಬರದು ಆಕಾಶಕ್ಕೆ ಏರುವ ದನಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಅಮ್ಮಿ ಅದನ್ನು ಕೇಳಿ, ‘ಆ ಇನ್ನೊಬ್ಬ ಯಾರು? ಪಾಪ, ತುಂಬ ದುಃಖದಲ್ಲಿದ್ದಾನೆ’ ಎಂದರು. ಗ್ರಂಜ್ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಇದೇ ಸದ್ದಿಗೆ ಇನ್ನೊಂದು ಮುಖವೂ ಇದೆ. ಇರಾಕಿನಲ್ಲಿ ಮತ್ತು ಗ್ವಾಂಟನಾಮೋದಲ್ಲಿ ಅಮೆರಿಕದ ಸೈನಿಕರು ಬಂದಿಗಳ ಕಿವಿಗೆ ಗಂಟೆಗಟ್ಟಲೆ ಮೆಟಲ್ ಮತ್ತು ರಾಕ್ ಸಂಗೀತವನ್ನು ಅತಿ ಜೋರಾಗಿ ತುಂಬಿ, ನಿದ್ದೆಗೆಡಿಸಿ, ಬಾಯಿ ಬಿಡಿಸುತ್ತಿದ್ದರು. ನನ್ನನ್ನು ಒಂದು ರಾತ್ರಿ ಮಲಗಿಸಿದ್ದು ಅಲ್ಲಿ ಮಲಗಲು ಬಿಡದ ಆಯುಧವಾಯಿತು. 2009ರ ಅಕ್ಟೋಬರಿನಲ್ಲಿ ಪರ್ಲ್ ಜಾಮ್, ಆರ್‌ಇಎಂ ಮೊದಲಾದ ತಂಡಗಳ ಸಂಗೀತಗಾರರು ಇದರ ವಿರುದ್ಧ ದನಿ ಎತ್ತಿದರು. ಯಾರ್ಯಾರ ಹಾಡುಗಳನ್ನು ಹಿಂಸೆಗೆ ಬಳಸಲಾಗಿದೆ ಎಂಬ ಕಡತಗಳನ್ನು ಬಹಿರಂಗಪಡಿಸಬೇಕೆಂಬ ಬೇಡಿಕೆಗೆ ಬೆಂಬಲವಾಗಿ ನಿಂತರು. ಅದೇ ಯುದ್ಧದ ಬಾಗ್ದಾದಿನಲ್ಲಿ ಅಕ್ರಾಸಿಕೌಡಾ ಎಂಬ ಹುಡುಗರ ಮೆಟಲ್ ತಂಡವೊಂದಿತ್ತು. ಅವರು ಅಭ್ಯಾಸ ಮಾಡುತ್ತಿದ್ದ ಜಾಗ ಬ��ಂಬಿಗೆ ನಾಶವಾಯಿತು. ಕೊನೆಗೆ ದೇಶವನ್ನೇ ಬಿಟ್ಟು ಸಿರಿಯಾ, ಟರ್ಕಿಗಳನ್ನು ದಾಟಿ ಅಮೆರಿಕ ಸೇರಿದರು. ಒಂದೇ ಸದ್ದು ಒಬ್ಬನ ಕೈಯಲ್ಲಿ ಕೋಲು, ಇನ್ನೊಬ್ಬನಿಗೆ ಉಸಿರು. ಹೀಗಿರುವಾಗ ಈ ಸಂಗೀತ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವವರನ್ನು ನಂಬುವುದು ಕಷ್ಟ.

ಅವನು ಕೇಳಿಸಿದ್ದಕ್ಕೆ ಪ್ರತಿಯಾಗಿ ನಾನು ಅವನಿಗೆ ಸಿ. ಅಶ್ವಥ್ ಅವರನ್ನು ಕೇಳಿಸಿದೆ. ಅಶ್ವಥ್ ನಮ್ಮ ಜಿಲ್ಲೆಯವರೇ. 1939ರಲ್ಲಿ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿದವರು. ಸುಗಮ ಸಂಗೀತದ ನಯವಾದ ಲೋಕದಲ್ಲಿ ಅವರ ದನಿ ಒರಟು. ಏರುಸ್ವರದಲ್ಲಿ ಗಂಟಲನ್ನು ಉಳಿಸಿಕೊಳ್ಳದೆ ಸುರಿದುಬಿಡುತ್ತಿದ್ದರು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ಬಂದಾಗ ಶರೀಫರ ಪದಗಳಿಗೆ ಅವರ ಸಂಗೀತ, ಅವರ ದನಿ. ಗೋವಿಂದ ಭಟ್ಟರ ಶಿಷ್ಯರಾದ ಶರೀಫರು (1819–1889) ಮಾಳಿಗೆ ಸೋರುವ ಮನೆಯ ಬಗ್ಗೆ ಒಂದು ಪದ ಕಟ್ಟಿದ್ದಾರೆ. ಮನೆ ಎಂದರೆ ಮೈ, ಮನೆ ಎಂದರೆ ಮನಸ್ಸು, ಮನೆ ಎಂದರೆ ಬಡವನ ಮನೆಯೇ. ತನ್ನ ಮನೆ ಸೋರುತ್ತಿದೆ, ದುರಸ್ತಿ ಮಾಡುವವರಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಆ ಪದದ್ದು. ಖಿನ್ನತೆಯನ್ನು ವೈದ್ಯರು ವಿವರಿಸಿದಾಗ ನನಗೆ ಮೊದಲು ನೆನಪಾದದ್ದು ಅದು. 2008ರ ಸುಮಾರಿಗೆ ಅದೇ ಪದವನ್ನು ಮೈಸೂರಿನ ರಘು ದೀಕ್ಷಿತ್ ಗಿಟಾರು, ಡ್ರಮ್ಮುಗಳೊಂದಿಗೆ ಹಾಡಿ ಹೊಸ ತಲೆಮಾರಿಗೆ ತಲುಪಿಸಿದರು. ನನ್ನ ಅಳಿಯ ಎರಡನ್ನೂ ಕೇಳಿ, ‘ಅಶ್ವಥ್ ಅವರದ್ದೇ ಹೆಚ್ಚು ರಾಕ್ ಇದೆ ಮಾಮು’ ಎಂದ.

ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ, ಅದರಲ್ಲಿ ಅರ್ಥವಿದೆ. 2005ರಲ್ಲಿ ‘ಕನ್ನಡವೇ ಸತ್ಯ’ ಎಂಬ ಕಾರ್ಯಕ್ರಮದಲ್ಲಿ ಅಶ್ವಥ್ ಹಾಡಿದಾಗ ಲಕ್ಷ ಜನ ಸೇರಿದ್ದರೆನ್ನುತ್ತಾರೆ. ಅದು ನಡೆದದ್ದೂ ಬೆಂಗಳೂರಿನ ಅರಮನೆ ಮೈದಾನದಲ್ಲೇ. ಎರಡು ವರ್ಷಗಳ ನಂತರ ಐರನ್ ಮೇಡನ್ ಹಾಡಿದ ಮೈದಾನ. ಎರಡು ಜನಸಾಗರಗಳ ನಡುವೆ ಭಾಷೆಯ, ವರ್ಗದ ಗೋಡೆ ಇದೆ ಎಂದು ನಾವು ನಂಬಿದ್ದೇವೆ. ಕಿವಿಗೆ ಆ ಗೋಡೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಬಾಬಯ್ಯನ ಹಬ್ಬದಲ್ಲಿ ತಮಟೆಯ ಸದ್ದಿಗೆ ಮೈಮರೆಯುವ ನಮ್ಮ ಹಳ್ಳಿಯವರಿಗೆ, ಉತ್ತರ ಕರ್ನಾಟಕದಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಸೇರಿ ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಮೇಳದವರಿಗೆ, ಜೋರು ಸದ್ದಿನೊಳಗೆ ಅಳು ಇರಬಲ್ಲದು ಎಂಬುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಅಳಿಯ ಈಗ ಬೆಂಗಳೂರಿನಲ್ಲಿ ಒಂದು ಸಣ್ಣ ಕೆಲಸದಲ್ಲಿದ್ದಾನೆ. ಉಳಿದ ವಿಷಯಗಳನ್ನೆಲ್ಲ ಒಂದೊಂದಾಗಿ ಮುಗಿಸಿದ. ಹಳೆಯ ಗಿಟಾರೊಂದನ್ನು ಕೊಂಡಿದ್ದಾನೆ. ಅಷ್ಟೇನೂ ಚೆನ್ನಾಗಿ ನುಡಿಸುವುದಿಲ್ಲ, ಅದರ ಬಗ್ಗೆ ಅವನಿಗೆ ಸಂಕೋಚವೂ ಇಲ್ಲ. ಕಳೆದ ಬಕ್ರೀದಿಗೆ ಬಂದಾಗ ಏನೋ ಗುನುಗುತ್ತಿದ್ದ. ಇಂಗ್ಲಿಷಾಗಿರಲಿಲ್ಲ, ಕನ್ನಡವೂ ಆಗಿರಲಿಲ್ಲ. ನಾವು ಮನೆಯಲ್ಲಿ ಆಡುವ ದಖನಿ. ಆಲೂಗಡ್ಡೆಯ ಮೂಟೆಗಳ ಮಾತು ಅದರಲ್ಲಿತ್ತು, ಅವನ ನಾನಾನ ಅಂಗಡಿಯ ಮಾತಿತ್ತು. ಏನದು ಎಂದು ಕೇಳಿದ್ದಕ್ಕೆ, ‘ಇನ್ನೂ ಆಗಿಲ್ಲ ಮಾಮು’ ಎಂದ. ಆಪಾ ಅಡುಗೆಮನೆಯಿಂದಲೇ, ‘ಆದಾಗ ಸ್ವಲ್ಪ ಮೆಲ್ಲಗೆ ಹಾಡು’ ಎಂದಳು.